ಆ ಚಳಿಗಾಲದ ಸೌದೆ

ನೊಲ್ಫಾ ಬೆಳಿಗ್ಗೆ ಎದ್ದು ಮಾಡುತ್ತಿದ್ದ ಮೊದಲ ಕೆಲಸವೆಂದರೆ ಮಗನ ಬೆನ್ನಿಗೆ ಕಿವಿ ಹಚ್ಚುವುದು. ಒಲೆ ಆಮೇಲೆ, ಮುಖ ತೊಳೆಯುವುದು ಇನ್ನೂ ಆಮೇಲೆ. ನಾಲ್ಕು ವರ್ಷದ ಜೊಯೆಲ್ ಕಂಬಳಿಗಳ ಅಡಿಯಲ್ಲಿ ಬೋರಲಾಗಿ ಮಲಗಿರುತ್ತಿದ್ದ. ಉಸಿರು ಸಲೀಸಾಗಿ ಆಡುತ್ತಿದ್ದರೆ ಅದು ಒಳ್ಳೆಯ ದಿನ. ಒಳಗೆಲ್ಲೋ ಸಣ್ಣಗೆ ಸಿಳ್ಳೆ ಹೊಡೆದಂತೆ ಕೇಳಿಸಿದರೆ ಕೆಟ್ಟ ದಿನ. ಆ ಸಿಳ್ಳೆಯನ್ನು ಕಿವಿಯಲ್ಲಿಟ್ಟುಕೊಂಡೇ ಅವಳು ಶಾಲೆಯ ಅಡುಗೆಮನೆಗೆ ಹೋಗಿ ಊರ ಮಕ್ಕಳಿಗೆಲ್ಲ ಹಾಲು ಕಾಯಿಸಬೇಕಿತ್ತು.

ಹಿಂದಿನ ಚಳಿಗಾಲದಲ್ಲಿ ಜೊಯೆಲ್ ಆಸ್ಪತ್ರೆ ಸೇರಿದ್ದ. ಮೂಗಿಗೆ ಆಕ್ಸಿಜನ್ ನಳಿಕೆ, ನೀಲಿಗಟ್ಟಿದ ತುಟಿ, ಅಮ್ಮ ಕರೆದರೆ ಕಣ್ಣು ತೆರೆಯಲಾರದಷ್ಟು ಸುಸ್ತು. ಮನೆಗೆ ಕಳಿಸುವಾಗ ಡಾಕ್ಟರು ಮುಚ್ಚುಮರೆ ಮಾಡಲಿಲ್ಲ. ಈ ಶ್ವಾಸಕೋಶ ಇನ್ನೊಮ್ಮೆ ಹೀಗೆ ಕೂತರೆ ಪೂರ್ತಿ ಏಳುತ್ತದೆ ಅಂತ ನಾನು ಮಾತು ಕೊಡಲಾರೆ, ಮಗುವಿಗೆ ಹೊಗೆ ತಾಕಬಾರದು, ಮನೆ ತಣ್ಣಗೂ ಆಗಬಾರದು ಅಂದರು. ಭೂಮಿಯ ದಕ್ಷಿಣ ತುದಿಯ, ಜನವರಿಗೆ ಬೇಸಿಗೆಯಾಗಿ ಜೂನ್‌ಗೆ ಹಿಮ ಬೀಳುವ ಈ ಕೊಯಾಯ್ಕೆಯಲ್ಲಿ ಚಳಿಗಾಲ ಕಳೆಯುವ ಮಗುವಿಗೆ ಹೊಗೆ ತಾಕಬಾರದು ಅಂದರೆ ಏನು ಮಾಡುವುದು? ಊರಿಗೆ ಊರೇ ಸೌದೆ ಒಲೆಯಿಂದ ಬದುಕುತ್ತದೆ. ಗಾಳಿ ಬೀಸದ ದಿನ ಸುತ್ತಲ ಬೆಟ್ಟಗಳನ್ನು ದಾಟಲಾರದೆ ಹೊಗೆ ಅಂಗಳಕ್ಕೇ ಇಳಿದು ಕೂರುತ್ತದೆ. ಆದರೆ ಹೊಗೆಯಲ್ಲೂ ಹೊಗೆ ಇದೆ. ಒಣ ಸೌದೆಯದು ಕೊಳವೆಯ ತುದಿಯಲ್ಲಿ ಕಂಡೂ ಕಾಣದ ಹಾಗೆ ಕರಗುತ್ತದೆ. ಹಸಿ ಸೌದೆ ಉರಿಯುವುದೇ ಇಲ್ಲ, ಕೂತು ಅಳುತ್ತದೆ, ತುದಿಯಲ್ಲಿ ನೊರೆ ಬಿಡುತ್ತದೆ, ಒಲೆಯ ಸಂದಿಗೊಂದಿಯಿಂದೆಲ್ಲ ಕಹಿ ಹೊಗೆಯನ್ನು ಮನೆಯೊಳಗೇ ಕಾರುತ್ತದೆ. ಗೋಡೆಗೆ ಮಸಿ, ಬಟ್ಟೆಗೆ ನಾತ, ಮಗುವಿಗೆ ಕೆಮ್ಮು.

ಆದ್ದರಿಂದ ನೊಲ್ಫಾ ಜನವರಿಯ ಬೇಸಿಗೆಯಲ್ಲೇ ಜೂನ್ ತಿಂಗಳ ಚಳಿಗೆ ಸೊಂಟ ಕಟ್ಟಿದಳು. ಈ ವರ್ಷ ಮಗನನ್ನು ಒಂದು ದಿನವೂ ಆಸ್ಪತ್ರೆಯಲ್ಲಿ ಮಲಗಿಸುವುದಿಲ್ಲ, ಮನೆಯಲ್ಲಿ ಒಂದು ತುಂಡೂ ಹಸಿ ಸೌದೆ ಉರಿಸುವುದಿಲ್ಲ. ಅವಳ ಬದುಕಿನಲ್ಲಿ ಆ ವರ್ಷ ಇದ್ದದ್ದು ಇದೊಂದೇ ಗುರಿ, ನಕ್ಕವರು ನಗಲಿ.

ಗಂಡ ಎವಾರಿಸ್ತೊ ಗಡಿಯ ಕಡೆಯ ದೊಡ್ಡ ಕುರಿ ಹಟ್ಟಿಯೊಂದರಲ್ಲಿ ಕೆಲಸಕ್ಕಿದ್ದ. ತಿಂಗಳಲ್ಲಿ ಎರಡು ಮೂರು ದಿನ ಮನೆ, ಉಳಿದಂತೆ ಕುದುರೆ, ನಾಯಿ, ಗಾಳಿ. ಒಳ್ಳೆಯವನು, ಕುಡಿದು ಬೀಳುವವನಲ್ಲ, ಕೈ ಎತ್ತುವವನಲ್ಲ. ಅವನಲ್ಲಿ ಒಂದೇ ಕೊರತೆ: ಯಾರಿಗೂ ಇಲ್ಲ ಅನ್ನಲು ಬರುತ್ತಿರಲಿಲ್ಲ. ಅದು ಒಳ್ಳೆಯ ಗುಣವೆಂದೇ ಊರು ತಿಳಿದಿತ್ತು, ನೊಲ್ಫಾ ಕೂಡ ಅವನನ್ನು ಮೆಚ್ಚಿದ್ದು ಅದಕ್ಕೇ.

ಸೌದೆಯ ವಿಷಯಕ್ಕೆ ಅವಳಿಗೆ ಎರಡನೇ ಯೋಚನೆ ಬರಲಿಲ್ಲ. ಬಾಲ್ದೊ ಇದ್ದನಲ್ಲ. ಊರಂಚಿನಲ್ಲಿ ಮರದ ಅಂಗಳ ಇಟ್ಟುಕೊಂಡು ಸೌದೆ ಮಾರುತ್ತಿದ್ದ ದಢೂತಿ ಆಳು, ನಗುವಾಗ ಹೊಟ್ಟೆಯೆಲ್ಲ ಕುಣಿಯುತ್ತಿತ್ತು. ಜೊಯೆಲ್‌ಗೆ ದೀಕ್ಷಾಸ್ನಾನ ಮಾಡಿಸಿದ ದಿನ ಮಗುವನ್ನು ಎತ್ತಿ ಹಿಡಿದು ದೇವರ ಮುಂದೆ ಹೊಣೆ ಹೊತ್ತವನು ಅವನೇ. ಹಾಗೆ ಹೊಣೆ ಹೊತ್ತವನು ಮಗುವಿಗೆ ಎರಡನೇ ಅಪ್ಪ, ಅಪ್ಪ ಅಮ್ಮಂದಿರಿಗೆ ಕೊಂಪಾದ್ರೆ. ಅಣ್ಣತಮ್ಮಂದಿರು ಜಗಳವಾಡಿ ಮಾತು ಬಿಡುವುದುಂಟು, ಕೊಂಪಾದ್ರೆಗಳು ಬಿಡುವಂತಿಲ್ಲ. ಅಲ್ಲಿಯ ತನಕ ನೀನು ತಾನು ಅನ್ನುತ್ತಿದ್ದವರು ಆ ದಿನದಿಂದ ನೀವು ತಾವು ಅನ್ನತೊಡಗಿದರು. ಎವಾರಿಸ್ತೊ ಅವನಿಗೆ ಕೊಂಪಾದ್ರೆಯಾದ, ಅವಳು ಕೊಮಾದ್ರೆಯಾದಳು.

ಬೇಸಿಗೆಯಲ್ಲಿ ಬಾಲ್ದೊ ಲೆಂಗಾ ಮರದ ಸೌದೆಯನ್ನು ಅವಳ ಒಲೆಗೆಂದೇ ಗಿಡ್ಡಗೆ ಕೊಯ್ದು ಸೀಳಿ ಕೊಟ್ಟ. ಅವಳದು ತಾಯಿ ಬಿಟ್ಟುಹೋದ ಹಳೆಯ ಪುಟ್ಟ ಒಲೆ, ಅದರ ಬಾಯಿಗೆ ಬೇರೆಯವರ ಮನೆಯ ಸೌದೆ ಹಿಡಿಸುತ್ತಿರಲಿಲ್ಲ. ಅವಳ ಹಿತ್ತಲು ಹಳ್ಳದ ಬದಿಗೆ ಇದ್ದು ಸದಾ ತೇವ. ಹಾಗಾಗಿ ಸೌದೆ ಒಣಗುವ ತನಕ ತನ್ನ ತಗಡಿನ ಕೊಟ್ಟಿಗೆಯಲ್ಲೇ ಇರಲಿ, ಅಲ್ಲಿ ನಾಲ್ಕೂ ಕಡೆಯಿಂದ ಗಾಳಿಯಾಡುತ್ತದೆ ಎಂದು ಬಾಲ್ದೊನೇ ಹೇಳಿದ. ಬೇಸಿಗೆಯಿಡೀ ಶನಿವಾರ ಬಂತೆಂದರೆ ನೊಲ್ಫಾ ಇಬ್ಬರು ಮಕ್ಕಳನ್ನೂ ಕರೆದುಕೊಂಡು ಅಲ್ಲಿಗೆ ಹೋಗಿ ಸೌದೆ ತಿರುವಿ ಹಾಕುತ್ತಿದ್ದಳು. ಹನ್ನೆರಡು ವರ್ಷದ ಮಗಳು ಯಸ್ನಾ ಅಡಿಯ ತುಂಡು ಮೇಲೆ, ಮೇಲಿನದು ಅಡಿಗೆ ಮಾಡುತ್ತ ತನ್ನ ಪಾಡಿಗೆ ಹಾಡಿಕೊಳ್ಳುತ್ತಿದ್ದಳು. ಜೊಯೆಲ್ ಬೇಲಿಯ ಮುಳ್ಳುಗಿಡದ ಹಣ್ಣು ತಿಂದು ಬಾಯಿಯೆಲ್ಲ ನೀಲಿ ಮಾಡಿಕೊಂಡು ಬರುತ್ತಿದ್ದ. ಆ ನೀಲಿ ಕಂಡಾಗ ನೊಲ್ಫಾಳ ಎದೆ ಒಮ್ಮೆ ಧಸಕ್ಕೆನ್ನುತ್ತಿತ್ತು, ಮರುಕ್ಷಣ ಅವಳೇ ನಕ್ಕು ತನ್ನ ಏಪ್ರನ್ನಿನಿಂದ ಅದನ್ನು ಒರೆಸುತ್ತಿದ್ದಳು.

ಸೌದೆ ಕೊಳ್ಳುವಾಗ ಇಲ್ಲಿ ಯಾರೂ ಮಾರುವವನ ಬಾಯಿ ಮಾತು ನಂಬುವುದಿಲ್ಲ. ಎರಡು ತುಂಡು ಎತ್ತಿಕೊಂಡು ಒಂದಕ್ಕೊಂದು ಬಡಿಯುತ್ತಾರೆ. ಒಣಗಿದ್ದರೆ ಟಣ್ ಅನ್ನುತ್ತದೆ, ಹಸಿಯಿದ್ದರೆ ದಪ್ ಅಂದು ಸುಮ್ಮನಾಗುತ್ತದೆ. ನಡೆಯಲು ಬರುವ ಮಕ್ಕಳಿಗೂ ಗೊತ್ತಿರುವ ಪರೀಕ್ಷೆ ಇದು. ಆದರೆ ಕೊಂಪಾದ್ರೆಯ ಸೌದೆಯನ್ನು ಯಾರೂ ಬಡಿದು ನೋಡುವುದಿಲ್ಲ. ನಿನ್ನ ಮಗುವಿನ ಹೊಣೆ ಹೊತ್ತವನ ಎದುರು ಎರಡು ತುಂಡು ಬಡಿಯುವುದೂ ಒಂದೇ, ಅವನ ಮುಖಕ್ಕೆ ಬಡಿಯುವುದೂ ಒಂದೇ. ಈ ಮರ್ಯಾದೆ ಎಷ್ಟು ಮನೆಗಳ ಚಳಿಗಾಲ ಹಾಳು ಮಾಡಿದೆಯೋ ಲೆಕ್ಕ ಇಟ್ಟವರಿಲ್ಲ.

ಬೇಸಿಗೆ ಮುಗಿಯುವಷ್ಟರಲ್ಲಿ ಸೌದೆ ಒಣಗಿತ್ತು, ಮತ್ತೆ ಕೊಟ್ಟಿಗೆಗೆ ಹೋಗಿ ತಿರುವುವ ಕೆಲಸ ಇರಲಿಲ್ಲ. ಮೇ ತಿಂಗಳಲ್ಲಿ ಅದು ಮನೆಗೆ ಬಂತು. ಅವಳು ಶಾಲೆಯಿಂದ ಬರುವಷ್ಟರಲ್ಲಿ ಬಾಲ್ದೊ ಲಾರಿಯಿಂದ ಇಳಿಸಿ ಆಗಿತ್ತು. ರಜೆಯ ಮೇಲೆ ಬಂದಿದ್ದ ಎವಾರಿಸ್ತೊ ಮನೆಯ ಪಕ್ಕದ ಸೂರಿನಡಿ ಅದನ್ನು ಅಚ್ಚುಕಟ್ಟಾಗಿ ಒಟ್ಟಿದ್ದ. ಯಸ್ನಾ ಶಾಲೆಯಿಂದ ಬೇಗ ಬಂದು ಅಪ್ಪನಿಗೆ ಕೈಜೋಡಿಸಿದ್ದಳು. ನೊಲ್ಫಾ ಒಂದು ತುಂಡು ಎತ್ತಿ ನೋಡಿದಳು. ಕೈಗೆ ಭಾರ ಅನ್ನಿಸಿತು. ಇನ್ನೊಂದು ಕೈ ತಾನಾಗಿಯೇ ಇನ್ನೊಂದು ತುಂಡಿಗೆ ಹೋಯಿತು. ಅಷ್ಟರಲ್ಲಿ ಬಾಗಿಲಲ್ಲಿ ಬಾಲ್ದೊ, ಕೈಯಲ್ಲಿ ಮಾಟೆ ಕಷಾಯದ ಸೋರೆಬುರುಡೆ ಹಿಡಿದು, ನಳಿಕೆ ಬಾಯಲ್ಲಿಟ್ಟುಕೊಂಡು ಅವಳನ್ನೇ ನೋಡುತ್ತಿದ್ದ.

"ಏನ್ ಕೊಮಾದ್ರೆ, ಸೌದೆ ಎಣಿಸ್ತಾ ಇದೀರಾ?"

"ನಿಮ್ಮನೆ ಸೌದೆ ಎಣಿಸೋವಷ್ಟು ದೊಡ್ಡೋಳಾಗಿಲ್ಲ ಬಿಡಿ ಕೊಂಪಾದ್ರೆ" ಎಂದು ಅವಳು ಎರಡೂ ತುಂಡನ್ನು ಇದ್ದಲ್ಲೇ ಇಟ್ಟಳು. ಇಬ್ಬರೂ ನಕ್ಕರು. ಎವಾರಿಸ್ತೊ ನಗಲಿಲ್ಲ, ಜೊಯೆಲ್ ಎದ್ದನೇನೋ ನೋಡುತ್ತೇನೆ ಎಂದು ಒಳಗೆ ಹೋದ. ಇದು ಅವಳಿಗೆ ನೆನಪಾದದ್ದು ಎಷ್ಟೋ ದಿನಗಳ ಮೇಲೆ.

ಮುಂದಿನ ವಾರ ಹಿಮ ಬೆರೆತ ಮಳೆ ಹೊಡೆಯಿತು. ಸೂರಿನ ತೆರೆದ ಬದಿಗೆ ಒಂದು ತಗಡು ಅಡ್ಡ ಇಟ್ಟು ಕಲ್ಲು ಹೇರುವುದು ಯಸ್ನಾಳ ಕೆಲಸ. ಬೆಳಿಗ್ಗೆ ನೋಡಿದರೆ ತಗಡು ಜಾರಿ ಬಿದ್ದಿತ್ತು. ಜೂನ್ ಬಂದು ಚಳಿ ಕಚ್ಚತೊಡಗಿದಾಗ ಒಲೆ ಮುನಿಸಿಕೊಂಡಿತು. ಎಷ್ಟು ಕಾಗದ ತುರುಕಿದರೂ, ಎಷ್ಟು ಊದಿದರೂ ಸೌದೆ ಸುಸ್ ಎಂದು ನೊರೆ ಬಿಡುವುದು, ಕಪ್ಪಾಗುವುದು, ಆರುವುದು. ನೊಲ್ಫಾ ಆ ಜಾರಿದ ತಗಡನ್ನು ನೆನೆದಳು. ಬೇಸಿಗೆಯಿಡೀ ತಿರುವಿ ಹಾಕಿ ಒಣಗಿಸಿದ ಸೌದೆ ಒಂದು ದಿನದ ಅಸಡ್ಡೆಗೆ ನೆಂದು ಹೋಯಿತಲ್ಲ ಎಂದು ಅವಳಿಗೆ ಮೈಯೆಲ್ಲ ಉರಿಯಿತು. ಮಳೆಗೆ ಹೊರಗಿನ ಸಾಲು ನೆನೆಯಬಹುದು, ಒಟ್ಟಿದ ರಾಶಿಯ ಒಡಲು ನೆನೆಯುವುದು ಹೇಗೆ ಎಂದು ಅವಳು ಕೇಳಿಕೊಳ್ಳಬಹುದಿತ್ತು. ಕೇಳಿಕೊಳ್ಳಲಿಲ್ಲ. ಬೈಯಲು ಕೈಗೆ ಸಿಗುವವರು ಮನೆಯಲ್ಲೇ ಇದ್ದಾಗ ಮನುಷ್ಯ ದೂರ ಹುಡುಕಿಕೊಂಡು ಹೋಗುವುದಿಲ್ಲ.

ಬೈದಳು. ಒಂದು ದಿನವಲ್ಲ, ಒಲೆ ಹೊತ್ತಿಸಿದಾಗಲೆಲ್ಲ ಬೈದಳು. ಹಾಡಿಕೊಂಡು ತಿರುಗುವವಳಿಗೆ ತಮ್ಮನ ನೆನಪು ಎಲ್ಲಿಂದ ಬರಬೇಕು ಅಂದಳು. ಒಂದು ಕಲ್ಲು ಎತ್ತಿಡಲು ಆಗದವಳು ನಾಳೆ ಯಾವ ಸಂಸಾರ ಮಾಡುತ್ತಾಳೆ ಅಂದಳು. ಯಸ್ನಾ ಎದುರಾಡಲಿಲ್ಲ. ಶಾಲೆಗೆ ಹೋಗುವ ಮೊದಲು ಒಲೆಯ ಬದಿಯ ಗೂಡಿನಲ್ಲಿ, ರೊಟ್ಟಿ ಬೇಯಿಸುವ ಜಾಗದಲ್ಲಿ, ನಾಲ್ಕು ತುಂಡು ಒಣಗಲು ಜೋಡಿಸುವುದನ್ನು ತಾನೇ ರೂಢಿ ಮಾಡಿಕೊಂಡಳು. ಸಂಜೆ ಬಂದು ಅವನ್ನು ತೆಗೆದು ಬೇರೆ ನಾಲ್ಕು ಇಡುವಳು. ಅವಳ ಕಣ್ಣು ಸದಾ ಕೆಂಪಗಿರುತ್ತಿತ್ತು. ಹೊಗೆಯಿಂದ ಎಂದು ನೊಲ್ಫಾ ತಿಳಿದಳು.

ಜೊಯೆಲ್‌ನ ಬೆನ್ನಿನಲ್ಲಿ ಸಿಳ್ಳೆ ದಿನಾ ಕೇಳತೊಡಗಿತು. ನೊಲ್ಫಾ ತನಗೆ ಗೊತ್ತಿದ್ದದ್ದೆಲ್ಲ ಮಾಡಿದಳು. ಪಾತ್ರೆಯಲ್ಲಿ ನೀಲಗಿರಿ ಎಲೆ ಕುದಿಸಿ ಒಲೆಯ ಮೇಲಿಟ್ಟಳು. ಬನಿಯನ್ನಿನ ಒಳಗೆ ಎದೆಗೂ ಬೆನ್ನಿಗೂ ಹಳೆಯ ಪತ್ರಿಕೆ ಮಡಿಸಿ ಇಟ್ಟಳು, ಅವನು ಓಡಾಡಿದರೆ ಸರಸರ ಸದ್ದಾಗುತ್ತಿತ್ತು. ಪ್ಲಾಸ್ಟಿಕ್ ಬಾಟಲಿ ಕತ್ತರಿಸಿ ಇನ್‌ಹೇಲರಿಗೆ ಮುಖವಾಡ ಮಾಡಿ, ನೀನು ವಿಮಾನ ಓಡಿಸುವವನು, ಈಗ ಹಾರುವ ಹೊತ್ತು ಎಂದು ರಮಿಸಿ ಔಷಧಿ ಎಳೆಸಿದಳು. ಹೊಗೆ ಹೆಚ್ಚಾದರೆ ಕಿಟಕಿ ತೆರೆಯಬೇಕು, ತೆರೆದರೆ ಹಿಮದ ಗಾಳಿ ನುಗ್ಗುತ್ತದೆ. ಮುಚ್ಚಿದರೆ ಹೊಗೆ, ತೆರೆದರೆ ಚಳಿ. ದಿನಕ್ಕೆಷ್ಟು ಸಲ ಆ ಕಿಟಕಿಯ ಹತ್ತಿರ ನಿಂತು ಯಾವುದು ಕಡಿಮೆ ಕೆಟ್ಟದ್ದು ಎಂದು ಯೋಚಿಸಿದಳೋ ಅವಳಿಗೇ ಗೊತ್ತು.

ಮನೆಮನೆಗೆ ಬರುವ ನರ್ಸಮ್ಮ ಒಮ್ಮೆ ಬಂದು ಮಗುವನ್ನು ನೋಡಿ, ಒಲೆಯನ್ನು ನೋಡಿ, ಇಷ್ಟು ಹಸಿ ಸೌದೆ ಯಾಕೆ ಉರಿಸುತ್ತೀಯಮ್ಮ ಎಂದು ಕೇಳಿದರು. ನೊಲ್ಫಾಗೆ ಭೂಮಿ ಬಾಯಿ ಬಿಟ್ಟರೆ ಸಾಕು ಅನ್ನಿಸಿತು. ನಾವು ಒಣಗಿದ್ದನ್ನೇ ತಂದದ್ದು, ಇಕೋ ಇವಳು ಮಳೆಗೆ ಬಿಟ್ಟಳು ಎಂದು ಮಗಳನ್ನು ತೋರಿಸಿದಳು. ನರ್ಸಮ್ಮ ಯಸ್ನಾಳ ಕಡೆ ನೋಡಿದರು. ಹುಡುಗಿ ತಲೆ ತಗ್ಗಿಸಿ, ಇನ್ನು ಮೇಲೆ ಸರಿಯಾಗಿ ಮುಚ್ಚುತ್ತೇನೆ ಅಂದಳು.

ಎವಾರಿಸ್ತೊ ಜೂನ್ ಕೊನೆಗೆ ಬಂದಾಗ ಊಟದ ಮೇಜಿನಲ್ಲೂ ಇದೇ ಮಾತು. ಕುರಿ ಮಾಂಸದ ಸಾರು ಆರುತ್ತಿತ್ತು, ನೊಲ್ಫಾ ಮಗಳ ಮೇಲೆ ಹರಿಹಾಯುತ್ತಿದ್ದಳು. ಅವನು ರೊಟ್ಟಿ ಮುರಿಯುತ್ತ, ಹೋಗಲಿ ಬಿಡು ನೊಲ್ಫಾ, ಚಿಕ್ಕವಳು ಅಂದ. ತಂದೆಯ ಕರುಳು ಎಷ್ಟು ಮೆತ್ತಗೆ ಎಂದು ಅವಳಿಗೆ ಅನ್ನಿಸಿತು. ತಾನು ಹೆಚ್ಚು ಬೈಯುತ್ತಿದ್ದೇನೇನೋ ಎಂದು ನಾಚಿಕೆಯೂ ಆಯಿತು. ಆ ದಿನದ ಮಟ್ಟಿಗೆ ಸುಮ್ಮನಾದಳು.

ಜುಲೈ ತಿಂಗಳ ಒಂದು ಭಾನುವಾರ ಮಧ್ಯಾಹ್ನ ಜೊಯೆಲ್ ಆಟದ ಕುದುರೆಯನ್ನು ಕೈಬಿಟ್ಟು ಗೋಡೆಗೆ ಒರಗಿ ಕೂತ. ಪಕ್ಕೆಲುಬುಗಳ ನಡುವಿನ ಚರ್ಮ ಒಳಕ್ಕೆ ಹೋಗುತ್ತಿತ್ತು. ಅವನು ಅಳಲಿಲ್ಲ, ಅಳುವುದಕ್ಕೆ ಉಸಿರೇ ಸಾಲುತ್ತಿರಲಿಲ್ಲ. ಯಸ್ನಾ ಬರಿಗಾಲಿನಲ್ಲೇ ಮಂಜಿನ ಮೇಲೆ ಓಡಿ ಬಾಲ್ದೊನನ್ನು ಕರೆತಂದಳು. ಅವನು ಊಟದ ಮುಂದಿನಿಂದ ಎದ್ದು ಬಂದ, ಮಗುವನ್ನು ತನ್ನ ಕೋಟಿನೊಳಗೆ ಸುತ್ತಿಕೊಂಡ, ಲಾರಿಯನ್ನು ಎಂದೂ ಓಡಿಸದಷ್ಟು ಜೋರಾಗಿ ಓಡಿಸಿದ. ಆಸ್ಪತ್ರೆಯ ಬಾಗಿಲಲ್ಲಿ ಜೊಯೆಲ್‌ನನ್ನು ಒಳಗೆ ಒಯ್ದ ಮೇಲೆ ಆ ದಢೂತಿ ಮನುಷ್ಯ ಗೋಡೆಗೆ ಹಣೆ ಇಟ್ಟು ಬಿಕ್ಕಿದ. ನೊಲ್ಫಾ ಅವನ ಬೆನ್ನು ಸವರಿ ಸಮಾಧಾನ ಹೇಳಿದಳು. ತನ್ನ ಮಗನಿಗೆ ಎಂಥ ಎರಡನೇ ತಂದೆ ಸಿಕ್ಕಿದ್ದಾನೆ ಎಂದು ಆ ದುಃಖದಲ್ಲೂ ಅವಳ ಮನಸ್ಸು ತುಂಬಿ ಬಂತು.

ಕುರಿ ಹಟ್ಟಿಯ ಕಡೆ ಫೋನು ಹಿಡಿಯುವುದಿಲ್ಲ. ಅಲ್ಲಿಯವರಿಗೆ ಸುದ್ದಿ ಮುಟ್ಟಿಸುವುದು ಮಧ್ಯಾಹ್ನದ ರೇಡಿಯೋದಲ್ಲಿ, ಊಟದ ಹೊತ್ತಿಗೆ, ಕಣಿವೆಯೆಲ್ಲ ಕೇಳುವ ಹಾಗೆ. ಎವಾರಿಸ್ತೊನಿಗೆ, ಜೊಯೆಲ್ ಆಸ್ಪತ್ರೆಯಲ್ಲಿದ್ದಾನೆ, ಕೂಡಲೇ ಬಾ, ಇಂತಿ ನೊಲ್ಫಾ. ಇಷ್ಟನ್ನು ಓದಿಸಿ ಅವಳು ಮಗನ ಮಂಚದ ಪಕ್ಕ ಕೂತಳು.

ಪಕ್ಕದ ಮಂಚದಲ್ಲಿ ಇನ್ನೊಂದು ಮಗು, ಅದರ ತಾಯಿ ಮಿರ್ತಾ. ಸರೋವರದ ದಾರಿಯಲ್ಲಿ ಪ್ರವಾಸಿಗರಿಗೆಂದು ಕಟ್ಟಿದ ಮರದ ಮನೆಗಳಲ್ಲಿ ಕೆಲಸ ಮಾಡುವವಳು. ಇಬ್ಬರು ಹೆಂಗಸರು ಆಸ್ಪತ್ರೆಯಲ್ಲಿ ಕೂತರೆ ಏನು ಮಾತಾಡುತ್ತಾರೆ? ಮಕ್ಕಳ ಎದೆ, ಗಂಡಂದಿರ ಗುಣ, ಮನೆಯ ಸೌದೆ. ಮಿರ್ತಾ ತಾನು ಕೆಲಸಕ್ಕಿರುವ ಮನೆಗಳ ಧಣಿಯ ಸೌದೆಯ ಸುದ್ದಿ ತೆಗೆದಳು. ನಮ್ಮ ಮನೆಯಲ್ಲಿ ಹಸಿ ಉರಿಸಿ ಸಾಯುತ್ತಿದ್ದೇವೆ, ಅಲ್ಲಿ ನೋಡಿದರೆ ಚಿನ್ನದಂಥ ಸೌದೆ, ಕಡ್ಡಿ ತೋರಿಸಿದರೆ ಸಾಕು ಹೊತ್ತಿಕೊಳ್ಳುತ್ತದೆ ಅಂದಳು.

"ಆದ್ರೆ ಕುಯ್ದೋನಿಗೆ ತಲೆ ಇಲ್ಲ ಕಣಮ್ಮ. ಇಷ್ಟೇ ಇಷ್ಟುದ್ದ. ಬೊಂಬೆ ಆಡೋ ಒಲೆಗೆ ಕುಯ್ದಂಗೆ. ಅಲ್ಲಿನ ಒಲೆ ನೋಡಿದ್ರೆ ಹಸು ಬಾಯಿ ಥರ ಇದೆ, ಅದಕ್ಕೆ ತುಂಬಿ ತುಂಬಿ ನನ್ ಸೊಂಟ ಬಿದ್ದೋಯ್ತು" ಎಂದು ಮಿರ್ತಾ ತನ್ನ ಮೊಣಕೈಯಿಂದ ಮಣಿಕಟ್ಟಿನ ತನಕ ಅಳೆದು ತೋರಿಸಿದಳು.

ನೊಲ್ಫಾ ಆ ಅಳತೆಯನ್ನು ನೋಡಿದಳು. ಬೇಸಿಗೆಯಿಡೀ ತನ್ನ ಕೈ ಹಿಡಿದ ಅಳತೆ ಅದು. ಸೌದೆ ತಂದವರು ಯಾರು ಎಂದು ಕೇಳಿದಳು.

"ಇನ್ಯಾರು, ದಪ್ಪ ಬಾಲ್ದೊ. ಏಪ್ರಿಲ್‌ನಲ್ಲಿ ತಂದು ಸುರಿದ. ಒಣಗಿದ್ದು ಈಗ್ಲೇ ಬೇಕು ಅಂತ ನಮ್ ಧಣಿ ಅವನ ಕುತ್ಗೆ ಮೇಲೆ ಕೂತಿದ್ದ."

ಅವಳು ಮಗನನ್ನು ಸ್ವಲ್ಪ ಹೊತ್ತು ನೋಡಿಕೋ ಎಂದು ಮಿರ್ತಾಳಿಗೆ ಹೇಳಿ ಎದ್ದು ಹೊರಟಳು. ಮಂಜುಗಟ್ಟಿದ ಬೀದಿಯಲ್ಲಿ ಜಾರಿ ಬಿದ್ದಳು, ಎದ್ದಳು, ನಡೆದಳು. ದಾರಿಯುದ್ದಕ್ಕೂ ಅವಳು ಬೇರೆ ಏನಾದರೂ ಇರಲಿ, ಬೇರೆ ಯಾರದೋ ಗಿಡ್ಡ ಸೌದೆ ಇರಲಿ ಎಂದು ಬೇಡಿಕೊಳ್ಳುತ್ತಲೇ ಇದ್ದಳು. ನಂಬಿದವರನ್ನು ಬಿಟ್ಟುಕೊಡುವುದು ಅಷ್ಟು ಸುಲಭವಲ್ಲ.

ಬಾಲ್ದೊ ಅಂಗಳದಲ್ಲಿ ಗರಗಸಕ್ಕೆ ಎಣ್ಣೆ ಬಿಡುತ್ತಿದ್ದ. ಅವಳ ಮುಖ ಕಂಡು ಮೊದಲು ಮಗುವಿಗೇನೋ ಆಯಿತೆಂದು ಹೆದರಿದ. ಮಗು ಇದ್ದಾನೆ ಎಂದಳು. ಆಮೇಲೆ ಕೇಳಿದಳು:

"ಸರೋವರದ ದಾರಿಲಿ, ಆ ಪ್ರವಾಸಿಗರ ಮನೆಗಳಲ್ಲಿ ಉರೀತಿರೋದು ಯಾರ ಸೌದೆ?"

ಅವನು ಸುಳ್ಳು ಹೇಳಲಿಲ್ಲ. ಅದೊಂದು ಅವನ ಪಾಲಿಗೆ ಬರೆದುಕೊಳ್ಳೋಣ. ಎಣ್ಣೆಯ ಡಬ್ಬಿ ಕೆಳಗಿಟ್ಟು, ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು, ಆ ಮನೆಗಳಿಗೆ ವರ್ಷವಿಡೀ ಸೌದೆ ಕೊಡುವ ಒಪ್ಪಂದ ಕೈತಪ್ಪಿ ಹೋಗುತ್ತಿತ್ತು, ಒಣ ಸೌದೆ ಬೇರೆಲ್ಲೂ ಸಿಗಲಿಲ್ಲ, ನಿಮಗೆ ಅಷ್ಟೇ ಸೌದೆ, ಅಷ್ಟೇ ಅಳತೆಗೆ ಕೊಯ್ದು ಕೊಟ್ಟೆ, ಅದೂ ಒಣಗಿಬಿಡುತ್ತದೆ ಅಂದುಕೊಂಡೆ ಎಂದು ತಡವರಿಸಿದ.

"ಮೇ ತಿಂಗಳಲ್ಲಿ ಕಡಿದ ಮರ ಜೂನ್‌ಗೆ ಒಣಗುತ್ತೆ ಅಂತ ಯಾರಿಗೆ ಹೇಳ್ತಿದೀಯ ಬಾಲ್ದೊ? ನಾನು ಇದೇ ಊರಲ್ಲಿ ಹುಟ್ಟಿದೋಳು. ಆಸ್ಪತ್ರೇಲಿ ನೀನು ಗೋಡೆಗೆ ತಲೆ ಇಟ್ಟು ಅಳ್ತಿದ್ದೆ, ನಾನು ನಿನ್ನ ಬೆನ್ನು ಸವರಿದೆ."

ನೀವು ಹೋಗಿ ನೀನು ಬಂದದ್ದು ಅವನಿಗೆ ತಾಕಿತು. ಅವನು ಒಂದು ಹೆಜ್ಜೆ ಹಿಂದೆ ಸರಿದ.

"ನಿಮ್ಮ ಮನೆ ಕಣ್ಣಿಗೆ ಮಣ್ಣೆರಚಿ ಮಾಡಿದ್ದಲ್ಲ ಕೊಮಾದ್ರೆ. ನಾನು ಎವಾರಿಸ್ತೊ ಕೊಂಪಾದ್ರೆನ ಕೇಳ್ದೆ. ಅವ್ರು ಹೂಂ ಅಂದ್ಮೇಲೇನೇ ಲಾರಿಗೆ ತುಂಬಿದ್ದು."

"ಏನ್ ಕೊಟ್ಟೆ ಅವನಿಗೆ?"

"ಏನೂ ಇಲ್ಲ. ದೇವರಾಣೆ ಏನೂ ತಗೊಂಡಿಲ್ಲ ಅವ್ರು. ಕೊಂಪಾದ್ರೆ ಕೇಳ್ದಾಗ ಇಲ್ಲ ಅನ್ನಕ್ಕಾಗುತ್ತಾ, ತಗೊಂಡ್ ಹೋಗಿ ಅಂದ್ರು."

ಏನಾದರೂ ತೆಗೆದುಕೊಂಡಿದ್ದರೆ ಅವಳಿಗೆ ಅರ್ಥವಾಗುತ್ತಿತ್ತು. ಒಂದು ಕುದುರೆ, ಒಂದು ಜೀನು, ಸಾಲವೋ ಸೋಲವೋ, ಏನಾದರೂ. ಏನೂ ಇಲ್ಲದೆ, ಸುಮ್ಮನೆ, ಒಬ್ಬ ಗಂಡಸಿನ ಎದುರು ಇನ್ನೊಬ್ಬ ಗಂಡಸು ಒಳ್ಳೆಯವನೆನಿಸಿಕೊಳ್ಳಲು ಅವಳ ಮಗನ ಉಸಿರನ್ನು ಎತ್ತಿ ಕೊಟ್ಟಿದ್ದ. ಅವಳಿಗೆ ಬಾಲ್ದೊನ ಮೇಲಿನ ಸಿಟ್ಟೂ ಅಲ್ಲೇ ಸತ್ತುಹೋಯಿತು. ತಿರುಗಿ ಆಸ್ಪತ್ರೆಯ ದಾರಿ ಹಿಡಿದಳು.

ಎವಾರಿಸ್ತೊ ಮರುದಿನ ಮಧ್ಯಾಹ್ನ ಬಂದ. ಗಡ್ಡದಲ್ಲಿ ಮಂಜು, ಬೂಟಿನಲ್ಲಿ ಕೆಸರು, ಕಣ್ಣಲ್ಲಿ ಭಯ. ಮಗನ ಕೈ ಹಿಡಿದು ಬಹಳ ಹೊತ್ತು ಕೂತ. ಜೊಯೆಲ್ ಆ ಹೊತ್ತಿಗೆ ಚೇತರಿಸಿಕೊಳ್ಳುತ್ತಿದ್ದ, ಅಪ್ಪನ ಮೀಸೆ ಎಳೆದು ನಕ್ಕ. ನೊಲ್ಫಾ ಗಂಡನನ್ನು ಹೊರಗೆ ಕರೆದು, ತನಗೆ ಗೊತ್ತಾಗಿರುವುದನ್ನು ಒಂದೇ ಮಾತಿನಲ್ಲಿ ಹೇಳಿದಳು. ಅವನ ಮುಖ ಬಿಳುಚಿತು. ಒಲೆಯ ಹತ್ತಿರ ಇಟ್ಟರೆ ಒಣಗುತ್ತದೆ ಅಂದುಕೊಂಡೆ ಎಂದ. ಬಾಲ್ದೊ ಟೋಪಿ ತೆಗೆದು ಕೈಯಲ್ಲಿ ಹಿಡಿದು ಕೇಳಿದ, ಏನು ಮಾಡಲಿ ಎಂದ. ನಿನಗೆ ಹೇಳಿದರೆ ನೀನು ಒಪ್ಪುತ್ತಿರಲಿಲ್ಲ, ಅದಕ್ಕೇ ಹೇಳಲಿಲ್ಲ ಎಂದ.

"ಒಪ್ತಿರ್ಲಿಲ್ಲ ಅಂತ ಗೊತ್ತಿತ್ತು. ಮಗು ಎದೆ ವಿಷಯಾನೂ ಗೊತ್ತಿತ್ತು. ರಾತ್ರಿ ಕೆಮ್ಮು ಕೇಳೋಕೆ ನೀನಿರ್ಲಿಲ್ಲ, ಅಷ್ಟೇ. ನಿನ್ ಕಿವಿಗೆ ಬೀಳಲ್ಲ ಅಂತ ಕೊಟ್ಬಿಟ್ಟೆ."

ಅವನು ಅಳತೊಡಗಿದ. ಈ ವಾರ ತನ್ನ ಎದುರು ಅತ್ತ ಎರಡನೆಯ ಗಂಡಸು ಇವನು. ಈ ಸಲ ಅವಳ ಕೈ ಏಳಲಿಲ್ಲ.

ಜೊಯೆಲ್‌ನನ್ನು ಮನೆಗೆ ಕಳಿಸುವ ಮೊದಲು ಡಾಕ್ಟರು ಹೋದ ವರ್ಷ ಹೇಳಿದ್ದನ್ನೇ ಈಗ ಪ್ರಶ್ನೆಯಾಗಿ ಕೇಳಿದರು: ಮನೆ ಬೆಚ್ಚಗಿದೆಯೇ, ಹೊಗೆ ಇಲ್ಲ ತಾನೆ? ಅದೇ ದಿನ ಬಾಲ್ದೊ ತನ್ನ ಸ್ವಂತ ಮನೆಗೆಂದು ಇಟ್ಟುಕೊಂಡಿದ್ದ ಒಣ ಸೌದೆಯನ್ನೆಲ್ಲ ಗಿಡ್ಡಗೆ ಕೊಯ್ದು ತಂದು ಅವಳ ಅಂಗಳದಲ್ಲಿ ಇಳಿಸಿದ. ಒಳಗೆ ಬರಲಿಲ್ಲ, ಅವಳು ಕರೆಯಲೂ ಇಲ್ಲ. ಅದನ್ನು ಅವನ ಮುಖದ ಮೇಲೆ ಎಸೆಯಬೇಕೆಂದು ಅವಳಿಗೆ ಅನ್ನಿಸಿತು ನಿಜ. ಆದರೆ ಅವಳಿಗೆ ಆ ಸೌದೆ ಬೇಕಿತ್ತು. ಮೋಸ ಮಾಡಿದವನ ಕೈಯಿಂದಲೇ ಮಗನ ಉಸಿರನ್ನು ತೆಗೆದುಕೊಳ್ಳಬೇಕಾದ ತಾಯಿಯ ಅವಮಾನ ಏನೆಂದು ಒಣ ಸೌದೆ ಉರಿಸಿ ಬೆಚ್ಚಗೆ ಕೂತವರಿಗೆ ತಿಳಿಯುವುದಿಲ್ಲ. ಅವಳೇ ಹೊತ್ತು ತಂದು ಒಟ್ಟಿದಳು.

ಸೌದೆ ಚೆನ್ನಾಗಿ ಉರಿಯಿತು. ಮನೆ ಬೆಚ್ಚಗಾಯಿತು, ಹೊಗೆಯ ಸುಳಿವಿಲ್ಲ. ಜೊಯೆಲ್ ನೆಲದ ಮೇಲೆ ಕುದುರೆ ಆಡಿಸುತ್ತಿದ್ದ. ಎವಾರಿಸ್ತೊ, ಎಲ್ಲ ಮೊದಲಿನಂತಾಯಿತೇನೋ ಎಂದು ಆಸೆಪಟ್ಟವನ ಹಾಗೆ ಮಾಟೆ ಕಾಯಿಸಿ ಹೆಂಡತಿಯ ಕಡೆ ಚಾಚಿದ. ಅವಳು ತೆಗೆದುಕೊಂಡಳು. ಬೈಯಬೇಕಾದ್ದು ಬೈದಾಗಿತ್ತು. ಇವನನ್ನು ಕಟ್ಟಿಕೊಂಡು ಹದಿನೈದು ವರ್ಷ ಕಳೆದಿದೆ, ಎಲ್ಲಿಗೆ ಹೋಗುವುದು, ತಪ್ಪು ಒಪ್ಪಿಕೊಂಡಿದ್ದಾನೆ, ಹೊಟ್ಟೆಗೆ ಹಾಕಿಕೊಳ್ಳೋಣ ಎಂದು ಅವಳ ಮನಸ್ಸು ಒಳಗೊಳಗೇ ದಾರಿ ಹುಡುಕುತ್ತಿತ್ತು. ಅವಳಿಗೆ ಈಗ ಉಳಿದಿದ್ದ ದೊಡ್ಡ ಕೆಲಸ ಬೇರೆ. ಮಗಳ ಎದುರು ತಲೆ ತಗ್ಗಿಸಬೇಕಿತ್ತು.

ಯಸ್ನಾ ಒಲೆಯ ಗೂಡಿನಿಂದ ಹಿಂದಿನ ದಿನದ ಹಸಿ ತುಂಡುಗಳನ್ನು ತೆಗೆಯುತ್ತಿದ್ದಳು. ನೊಲ್ಫಾ ಅವಳನ್ನು ಹತ್ತಿರ ಕರೆದು, ಮಸಿಯಾದ ಆ ಎರಡೂ ಕೈಗಳನ್ನು ತನ್ನ ಕೈಯಲ್ಲಿ ಹಿಡಿದಳು.

"ಸೌದೆ ನೆಂದಿದ್ದು ನಿನ್ನಿಂದ ಅಲ್ಲ ಮಗಳೇ. ಅದು ಬರುವಾಗ್ಲೇ ಹಸಿ ಇತ್ತು. ನನಗೆ ಈಗ ಗೊತ್ತಾಯ್ತು. ನಿನಗೆ ಸುಮ್ಸುಮ್ನೆ ಅಂದೆ."

ಹುಡುಗಿ ಆಶ್ಚರ್ಯಪಡಲಿಲ್ಲ. ಅಳಲಿಲ್ಲ. ಅಮ್ಮನಿಗೆ ಉತ್ತರ ಕೊಡುವ ಮೊದಲು ತಲೆಯೆತ್ತಿ ಅಪ್ಪನ ಮುಖ ನೋಡಿದಳು. ಹೇಳಬಹುದೇ ಎಂದು ಕೇಳುವ ನೋಟ ಅದು.

ಎವಾರಿಸ್ತೊ ನೆಲ ನೋಡುತ್ತಿದ್ದ.

ಸೌದೆ ಇಳಿಸಿದ ದಿನ ಅಪ್ಪನ ಜೊತೆ ಅದನ್ನು ಒಟ್ಟಿದವಳು ಯಸ್ನಾ. ಬೇಸಿಗೆಯಿಡೀ ಆ ಸೌದೆ ತಿರುವಿ ಹಾಕಿದ ಕೈ ಅವಳದು. ಎತ್ತಿದ ಕೂಡಲೇ ಅವಳಿಗೆ ಗೊತ್ತಾಗಿತ್ತು, ಅಪ್ಪನನ್ನು ಕೇಳಿದ್ದಳು. ಇವೆಲ್ಲ ನೊಲ್ಫಾಗೆ ಆ ಒಂದು ನೋಟದಲ್ಲೇ ತಿಳಿದುಹೋಯಿತು. ಆದರೂ ಅವಳು ಕೇಳಿದಳು, ಗೊತ್ತಿದ್ದೂ ಯಾಕೆ ಬೈಸಿಕೊಂಡೆ ಎಂದು.

"ಅಪ್ಪ ಆಣೆ ಹಾಕಿಸ್ಕೊಂಡಿತ್ತು. ನಿನಗೆ ಗೊತ್ತಾದ್ರೆ ಮನೆ ಒಡೆದುಹೋಗುತ್ತೆ ಅಂತು." ಯಸ್ನಾ ತನ್ನ ಕೈಗಳನ್ನು ಮೆಲ್ಲಗೆ ಬಿಡಿಸಿಕೊಂಡಳು. "ಜೊಯೆಲ್‌ನ ಆಸ್ಪತ್ರೆಗೆ ಕರ್ಕೊಂಡ್ ಹೋದಾಗ, ಅವನು ಸತ್ತೋದ್ರೂ ಹೇಳ್ಬಾರ್ದಾ ಅಂತ ಅಪ್ಪನ್ನ ಕೇಳ್ಬೇಕು ಅಂತಿದ್ದೆ ಅಮ್ಮ. ಅಪ್ಪ ಊರಲ್ಲಿರ್ಲಿಲ್ಲ."

ನೊಲ್ಫಾ ಕೈಯಲ್ಲಿದ್ದ ಮಾಟೆಯನ್ನು ಗಂಡನ ಮುಂದೆ ಇಟ್ಟಳು. ಎದ್ದು ಹೋಗಿ ಅವನ ಬೂಟು, ಕೋಟು, ಟೋಪಿ ತಂದು ಬಾಗಿಲ ಹತ್ತಿರ ಜೋಡಿಸಿದಳು, ಮತ್ತೆ ಬಂದು ಮಗಳ ಪಕ್ಕದಲ್ಲಿ ಕೂತಳು.